ಹಿಂದೆ ಎಂಜಿನ್ ಇರುವ ಕಾರಿಗೆ ಎಂಥ ಟೈರು?



ಘರ್ಷಣೆಯ ಪಾಠದಲ್ಲಿ ನೀವೊಂದು ಮಾತನ್ನು ಓದಿರುತ್ತೀರಿ: ಘರ್ಷಣ ಬಲವು ಸಂಪರ್ಕದ ವಿಸ್ತೀರ್ಣವನ್ನು ಅವಲಂಬಿಸಿಲ್ಲ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕವೂ ಸಿಗುತ್ತದೆ. ಹಾಗಾದರೆ ರೇಸಿನ ಕಾರಿನ ಟೈರು ಅಷ್ಟೊಂದು ಅಗಲ ಏಕೆ? ಅದರ ಮೈಮೇಲೆ ಒಂದು ಗೀರೂ ಇಲ್ಲವಲ್ಲ, ಏಕೆ? ಕೆಲವು ಕಾರುಗಳಲ್ಲಿ ಹಿಂದಿನ ಟೈರು ಮುಂದಿನದಕ್ಕಿಂತ ದೊಡ್ಡದಾಗಿರುವುದು ಏಕೆ? ಎಂಜಿನ್ ಹಿಂದಿರುವ ಕಾರೊಂದನ್ನು ಉದಾಹರಣೆಯಾಗಿಟ್ಟುಕೊಂಡು ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕೋಣ.

ಮರದ ತುಂಡಿಗೆ ಹೊಂದುವ ನಿಯಮ ರಬ್ಬರಿಗೆ ಪೂರ್ತಿಯಾಗಿ ಹೊಂದುವುದಿಲ್ಲ. ರಬ್ಬರು ಮೆದು. ಅದು ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಕೂರುತ್ತದೆ, ನೆಲಕ್ಕೆ ಅಂಟಿಕೊಳ್ಳುತ್ತದೆ. ಅದರ ಮೇಲಿನ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಆಗುತ್ತದೆ. ಅದೇ ಭಾರವನ್ನು ಹೆಚ್ಚು ರಬ್ಬರಿನ ಮೇಲೆ ಹರಡಿದರೆ ಹಿಡಿತ ಹೆಚ್ಚುತ್ತದೆ. ಅಗಲದ ಗುಟ್ಟು ಇದು.

ಗೀರುಗಳು ಇರುವುದು ಮಳೆನೀರನ್ನು ಹೊರಗೆ ತಳ್ಳುವುದಕ್ಕೆ. ಒಣ ನೆಲದಲ್ಲಿ ಆ ಕೆಲಸವಿಲ್ಲ. ಗೀರು ತೆಗೆದರೆ ನೆಲ ಮುಟ್ಟುವ ರಬ್ಬರು ಹೆಚ್ಚಾಗುತ್ತದೆ, ಓಲಾಟ ಕಡಿಮೆಯಾಗುತ್ತದೆ. ಇಂಥ ನುಣುಪು ಟೈರಿಗೆ ಸ್ಲಿಕ್ ಎಂದು ಹೆಸರು. ಫಾರ್ಮುಲಾ ಒನ್ ಪಂದ್ಯಗಳಿಗೆ ಇದು ಬಂದದ್ದು 1971ರಲ್ಲಿ. ತಿರುವುಗಳಲ್ಲಿ ವೇಗ ಮಿತಿಮೀರುತ್ತಿದೆ ಎಂದು 1998ರಿಂದ 2008ರವರೆಗೆ ಅಲ್ಲಿ ಗೀರುಳ್ಳ ಟೈರನ್ನೇ ಕಡ್ಡಾಯ ಮಾಡಿದ್ದರು. 2009ರಲ್ಲಿ ಸ್ಲಿಕ್ ಮರಳಿತು.

ಇನ್ನು ನಮ್ಮ ಕಾರಿಗೆ ಬರೋಣ. ಜರ್ಮನಿಯ ಪೋರ್ಷೆ 911 ಕಾರನ್ನು 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲು ತೋರಿಸಿದರು. ಅದರ ಎಂಜಿನ್ ಹಿಂದಿನ ಅಚ್ಚಿಗಿಂತಲೂ ಹಿಂದೆ ಕೂತಿದೆ. ಒಟ್ಟು ತೂಕದಲ್ಲಿ ಸುಮಾರು 60 ಪಾಲು ಹಿಂದಿನ ಚಕ್ರಗಳ ಮೇಲೆ, 40 ಪಾಲು ಮುಂದಿನ ಚಕ್ರಗಳ ಮೇಲೆ.

ಒಂದು ಲೆಕ್ಕ ಮಾಡಿ. ಕಾರಿನ ತೂಕ 1000 ಕಿಲೊ ಎಂದುಕೊಳ್ಳಿ. ಮುಂದಿನ ಒಂದೊಂದು ಟೈರಿನ ಮೇಲೆ 200 ಕಿಲೊ, ಹಿಂದಿನ ಒಂದೊಂದರ ಮೇಲೆ 300. ತಿರುವಿನಲ್ಲಿ ಕಾರನ್ನು ಒಳಕ್ಕೆ ಎಳೆದು ಹಿಡಿಯುವ ಕೇಂದ್ರಾಭಿಮುಖ ಬಲವನ್ನೂ ಇದೇ ಪ್ರಮಾಣದಲ್ಲಿ ಒದಗಿಸಬೇಕು. ಅಂದರೆ ಹಿಂದಿನ ಟೈರಿಗೆ ಒಂದೂವರೆ ಪಟ್ಟು ಹಿಡಿತ ಬೇಕು. ನಾಲ್ಕೂ ಟೈರು ಒಂದೇ ಬಗೆಯವಾದರೆ ಅಷ್ಟು ಸಿಗುವುದಿಲ್ಲವೆಂದು ಈಗಷ್ಟೇ ನೋಡಿದೆವು. ಹಾಗಾಗಿ ಮೊದಲು ಜಾರುವುದು ಹಿಂಬದಿ. ಹೆದರಿದ ಚಾಲಕ ಥಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರಗಳು ಇನ್ನೂ ಹಗುರಾಗುತ್ತವೆ, ಕಾರು ಬುಗುರಿಯಂತೆ ತಿರುಗಿಬಿಡುತ್ತದೆ.

ಮೊದಲ 911 ಕಾರುಗಳಿಗೆ ನಾಲ್ಕೂ ಟೈರು ಒಂದೇ ಅಳತೆಯವು. 1969ರ ಮಾದರಿಯಲ್ಲಿ ಹಿಂದಿನ ಚಕ್ರಗಳನ್ನು 57 ಮಿಲಿಮೀಟರು ಹಿಂದಕ್ಕೆ ಸರಿಸಿ ತೂಕವನ್ನು ಸರಿದೂಗಿಸಿದರು. ಮುಂದೆ ಹಿಂದಿನ ಟೈರುಗಳನ್ನೂ ಅಗಲ ಮಾಡಿದರು. ಈ ಉಪಾಯ ನಮ್ಮ ದೇಶದ ರಸ್ತೆಯಲ್ಲೂ ಓಡಾಡಿದೆ. 2009ರಿಂದ 2018ರವರೆಗೆ ತಯಾರಾದ ಟಾಟಾ ನ್ಯಾನೊ ಕಾರಿನ ಎಂಜಿನ್ ಹಿಂದೆಯೇ ಇತ್ತು. ಅದರ ಮುಂದಿನ ಟೈರಿನ ಅಗಲ 135 ಮಿಲಿಮೀಟರು, ಹಿಂದಿನದು 155. ಎಲ್ಲಾದರೂ ನ್ಯಾನೊ ನಿಂತಿದ್ದರೆ ಬಗ್ಗಿ ನೋಡಿ, ಟೈರಿನ ಮೇಲೆಯೇ ಬರೆದಿರುತ್ತದೆ.

ಹಾಗೆಂದು ಹಿಂದಕ್ಕೆ ಸಿಕ್ಕಷ್ಟು ದೊಡ್ಡ, ಸಿಕ್ಕಷ್ಟು ಮೆದು ಟೈರು ಹಾಕಿದರಾಯಿತೇ? ಇಲ್ಲ. ಆಗ ಹಗುರವಾದ ಮೂತಿ ತಿರುಗುವುದೇ ಇಲ್ಲ. ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ. 911 ಜಿಟಿ3 ಕಪ್ ಎಂಬ ಪಂದ್ಯದ ಕಾರಿನ ಸ್ಲಿಕ್ ಅಳತೆ ನೋಡಿ: ಮುಂದೆ 30/65-18, ಹಿಂದೆ 31/71-18. ಮೊದಲ ಅಂಕಿ ಅಗಲ, ಎರಡನೆಯದು ವ್ಯಾಸ, ಇವೆರಡೂ ಸೆಂಟಿಮೀಟರಿನಲ್ಲಿ. ಮೂರನೆಯದು ಒಳಗಿನ ಚಕ್ರದ ವ್ಯಾಸ, ಅಂಗುಲದಲ್ಲಿ. 2021ಕ್ಕೆ ಮುಂಚಿನ ಮಾದರಿಯಲ್ಲಿ ಮುಂದಿನ ಟೈರಿನ ಅಗಲ 27 ಇತ್ತು. ಅದನ್ನು 30 ಮಾಡಿದರು. ಭಾರ ಹಿಂದಿದ್ದರೂ ತಿರುವಿಗೆ ಮೊದಲು ಹೊರಳಬೇಕಾದದ್ದು ಮುಂದಿನ ಚಕ್ರ ತಾನೆ? ಆದ್ದರಿಂದ ಟೈರನ್ನು ಬಿಡಿಯಾಗಿ ಆರಿಸಬಾರದು. ಮುಂದಿನದು, ಹಿಂದಿನದು ಎರಡನ್ನೂ ಜೋಡಿಯಾಗಿ ಆರಿಸಬೇಕು.

ಎರಡನೆಯ ವಿಷಯ ಶಾಖ. ಸ್ಲಿಕ್ ಚೆನ್ನಾಗಿ ಕೆಲಸ ಮಾಡುವುದು ಸುಮಾರು 80ರಿಂದ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಣ್ಣಗಿದ್ದಾಗ ಅದು ಜಾರುತ್ತದೆ. ಮಿತಿಮೀರಿ ಕಾದರೂ ಜಾರುತ್ತದೆ, ಬೇಗ ಸವೆಯುತ್ತದೆ. ಮೆದು ರಬ್ಬರು ಬೇಗ ಕಾಯುತ್ತದೆ, ಬಾಳಿಕೆ ಕಡಿಮೆ. ಗಟ್ಟಿ ರಬ್ಬರು ಬಾಳುತ್ತದೆ, ಆದರೆ ನಿಧಾನವಾಗಿ ಓಡಿಸುವ ಹೊಸಬನಿಗೆ ಅದನ್ನು ಕಾಯಿಸುವುದಕ್ಕೇ ಆಗದು. ನಿಮ್ಮ ಓಟದಲ್ಲಿ ಯಾವುದು ಸರಿಯಾಗಿ ಕಾಯುತ್ತದೆಯೋ ಅದೇ ನಿಮಗೆ ಒಳ್ಳೆಯ ಟೈರು.

ಕಾದಾಗ ಒಳಗಿನ ಗಾಳಿಯ ಒತ್ತಡವೂ ಏರುತ್ತದೆ. 20 ಡಿಗ್ರಿಯಲ್ಲಿ 20 ಪೌಂಡು ಗಾಳಿ ತುಂಬಿದಿರಿ ಎನ್ನಿ. ವಾತಾವರಣದ 14.7 ಸೇರಿಸಿದರೆ 34.7. ಒಳಗಿನ ಗಾಳಿ 80 ಡಿಗ್ರಿಗೆ ಕಾದರೆ, ಕೆಲ್ವಿನ್ ಲೆಕ್ಕದಲ್ಲಿ 293ರಿಂದ 353ಕ್ಕೆ ಏರಿದಂತೆ. ಗುಣಿಸಿ, ವಾತಾವರಣದ ಒತ್ತಡ ಕಳೆದರೆ ಸುಮಾರು 27 ಪೌಂಡು! ಅದಕ್ಕೇ ರೇಸಿನವರು ತಣ್ಣಗಿರುವಾಗ ಕಡಿಮೆ ತುಂಬುತ್ತಾರೆ. ಓಟ ಮುಗಿದ ಕೂಡಲೇ ಟೈರಿನ ಒಳಅಂಚು, ನಡುಭಾಗ, ಹೊರಅಂಚುಗಳ ಉಷ್ಣತೆ ಅಳೆಯುತ್ತಾರೆ. ನಡುಭಾಗ ಹೆಚ್ಚು ಬಿಸಿಯಾಗಿದ್ದರೆ ಗಾಳಿ ಹೆಚ್ಚಾಗಿದೆ ಎಂದರ್ಥ. ಎರಡೂ ಅಂಚು ಬಿಸಿಯಾಗಿದ್ದರೆ ಕಡಿಮೆಯಾಗಿದೆ ಎಂದರ್ಥ.

ಗಾಳಿಯ ಲೆಕ್ಕ ಸಣ್ಣದೆಂದು ತಳ್ಳಿಹಾಕಬೇಡಿ. ಅಮೆರಿಕದ ಷೆವರ್ಲೆ ಕಾರ್ವೇರ್ 1960ರ ಮಾದರಿಯಾಗಿ ಬಂದ ಕಾರು. ಅದರ ಎಂಜಿನ್ ಸಹ ಹಿಂದೆ. ಮುಂದಿನ ಟೈರಿಗೆ 15 ಪೌಂಡು, ಹಿಂದಿನದಕ್ಕೆ 26 ಎಂದು ಕಂಪನಿ ಹೇಳಿತ್ತು. ಇಷ್ಟು ಮುಖ್ಯವಾದ ಸುರಕ್ಷತೆಯನ್ನು ಗಾಳಿ ತುಂಬುವವರ ನೆನಪಿಗೆ ಬಿಡಬಹುದೇ ಎಂಬ ಪ್ರಶ್ನೆ ಎದ್ದಿತು. ರಾಲ್ಫ್ ನೇಡರ್ ಅವರು 1965ರ ತಮ್ಮ ಪುಸ್ತಕದಲ್ಲಿ ಈ ಕಾರನ್ನು ಕಟುವಾಗಿ ಟೀಕಿಸಿದರು. ಆ ಕಾಲದ ಇತರ ಕಾರುಗಳಿಗಿಂತ ಇದು ಹೆಚ್ಚು ಅಪಾಯಕಾರಿಯಲ್ಲವೆಂದು 1972ರ ಸರ್ಕಾರಿ ವರದಿ ಹೇಳಿತು. ಆದರೂ ಎತ್ತಿದ ಪ್ರಶ್ನೆ ದೊಡ್ಡದೇ.

ಕೊನೆಯದಾಗಿ, ನಿಮಗೇ ಸಂಬಂಧಿಸಿದ ಒಂದು ಮಾತು. “ರೇಸಿನ ಟೈರು ನುಣುಪಾಗಿರುತ್ತದೆ, ನನ್ನ ಗಾಡಿಯದೂ ಸವೆದು ನುಣುಪಾಗಿದೆ, ಇನ್ನೂ ಒಳ್ಳೆಯದೇ ಆಯಿತು” ಎನ್ನುವವರಿದ್ದಾರೆ. ಇದು ಪ್ರಾಣಕ್ಕೆ ಎರವಾಗುವ ತಪ್ಪು. ಸ್ಲಿಕ್‌ನ ರಬ್ಬರೇ ಬೇರೆ. ಅದು ಕಾದು ಮೆದುವಾಗಿ ಹಿಡಿಯುತ್ತದೆ. ಸವೆದ ಟೈರಿನದು ಹಳತಾಗಿ ಬಿರುಸಾದ ರಬ್ಬರು. ಅಷ್ಟು ಒಳ್ಳೆಯ ಸ್ಲಿಕ್ ಕೂಡ ನಾಲ್ಕು ಹನಿ ಮಳೆ ಬಿದ್ದರೆ ನೀರಿನ ಮೇಲೆ ತೇಲುತ್ತದೆ. ರೇಸಿನಲ್ಲಿ ಕೂಡಲೇ ಗೀರುಳ್ಳ ಟೈರು ಹಾಕಿಕೊಳ್ಳುತ್ತಾರೆ. ಆಗುಂಬೆಯ ಘಾಟಿಯಲ್ಲಿ ನಿಮಗೆ ಹಾಗೆ ಟೈರು ಬದಲಿಸಿಕೊಡುವವರು ಯಾರಿದ್ದಾರೆ? ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಆಳವಿರಲೇಬೇಕು. ಅಷ್ಟು ಎತ್ತರದ ಸಣ್ಣ ದಿಣ್ಣೆಗಳು ಗೀರಿನೊಳಗೇ ಇರುತ್ತವೆ. ರಬ್ಬರು ಸವೆದು ಅವುಗಳ ಮಟ್ಟಕ್ಕೆ ಬಂತೆಂದರೆ ಟೈರಿನ ಆಯಸ್ಸು ಮುಗಿದಂತೆ.

ವೇಗದ ಆಸೆ ತಪ್ಪಲ್ಲ. ಅದಕ್ಕೆ ಕೊಯಮತ್ತೂರಿನಲ್ಲಿ, ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ರೇಸಿನ ಪಥಗಳಿವೆ. ರಸ್ತೆಯಲ್ಲಿ ಮಾತ್ರ ನಿಮ್ಮನ್ನು ಹಿಡಿದಿಡುವುದು ಅಂಗೈಯಗಲದ ಒಂದಿಷ್ಟು ರಬ್ಬರು. ಇಂದು ಸಂಜೆ ಮನೆಯ ಗಾಡಿಯ ಟೈರನ್ನು ಒಮ್ಮೆ ಬಗ್ಗಿ ನೋಡಿ.