ಸಂಸ್ಥೆಯೊಳಗಿನ ಮಾತು: ಸಾಂಸ್ಥಿಕ ಸಂವಹನದ ಅಧ್ಯಯನ



ಸೂಳೆಕೆರೆಗೆ ಸಮೀಪದ ಕೆರೆಬಿಳಚಿಯಲ್ಲೋ ಚನ್ನಗಿರಿ ತಾಲ್ಲೂಕಿನ ಇನ್ನಾವುದಾದರೂ ಊರಿನಲ್ಲೋ ಕುಳಿತು ಓದುತ್ತಿರುವ ನಿಮಗೆ ‘ಸಾಂಸ್ಥಿಕ ಸಂವಹನ’ ಎಂಬ ಹೆಸರು ಕೊಂಚ ಭಾರವೆನಿಸಬಹುದು. ದೊಡ್ಡ ಕಂಪನಿಗಳಲ್ಲಿ ಇಂಗ್ಲಿಷಿನಲ್ಲಿ ಚೆನ್ನಾಗಿ ಮಾತನಾಡುವುದನ್ನು ಕಲಿಸುವ ವಿದ್ಯೆ ಇದು, ನಮ್ಮಂಥವರಿಗೆ ಹೇಳಿದ್ದಲ್ಲ ಎಂದು ಎಷ್ಟೋ ಮಂದಿ ಭಾವಿಸಿ ದೂರ ನಿಲ್ಲುತ್ತಾರೆ. ಇದು ತಪ್ಪು ಕಲ್ಪನೆ. ಹಲವರು ಒಂದು ಗುರಿಗಾಗಿ ಸೇರಿ ದುಡಿಯುವ ಕಡೆ ಮಾತು ಯಾರಿಂದ ಯಾರಿಗೆ ಹೋಗುತ್ತದೆ, ಎಲ್ಲಿ ನಿಂತುಬಿಡುತ್ತದೆ, ನಿಂತಾಗ ಏನಾಗುತ್ತದೆ ಎಂಬುದನ್ನು ಕ್ರಮವಾಗಿ ನೋಡುವುದೇ ಈ ಶಾಸ್ತ್ರದ ಕೆಲಸ.

ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘವನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಕ್ಯಾನು ಹಿಡಿದು ಬಂದವರು ಹಾಲು ಅಳೆಯುತ್ತಾರೆ. ಪರೀಕ್ಷಕರು ಮಾದರಿ ತೆಗೆದು ಫ್ಯಾಟು, ಎಸ್‌ಎನ್‌ಎಫ್ ನೋಡುತ್ತಾರೆ. ಕೈಗೆ ಒಂದು ಚೀಟಿ ಬರುತ್ತದೆ. ಆ ಚೀಟಿ ಒಂದು ಸಂದೇಶ. ಈ ಸಂಘದ ಮೇಲೆ ಜಿಲ್ಲೆಗಳ ಹಾಲು ಒಕ್ಕೂಟ, ಅದರ ಮೇಲೆ ಬೆಂಗಳೂರಿನ ಕರ್ನಾಟಕ ಹಾಲು ಮಹಾಮಂಡಳ, ಹೀಗೆ ಮೂರು ಹಂತಗಳಿವೆ. ದರ ಬದಲಾದರೆ ಸುತ್ತೋಲೆ ಮೇಲಿನಿಂದ ಕೆಳಗೆ ಬಹುಬೇಗ ಇಳಿದುಬರುತ್ತದೆ. ಆದರೆ “ನಿನ್ನೆಗಿಂತ ಇವತ್ತು ಫ್ಯಾಟು ಯಾಕಣ್ಣ ಕಡಿಮೆ ಬಂತು?” ಎಂದು ಒಬ್ಬ ತಾಯಿ ಕೇಳಿದ ಪ್ರಶ್ನೆ ಎಷ್ಟು ದೂರ ಹೋಗುತ್ತದೆ? ಈ ಸಲದ ಪಶು ಆಹಾರವನ್ನು ಹಸು ಮೂಸಿಯೂ ನೋಡುತ್ತಿಲ್ಲ ಎಂದು ನಾಲ್ಕು ಮನೆಯವರು ಕಾರ್ಯದರ್ಶಿಗೆ ಹೇಳಿದರೆಂದಿಟ್ಟುಕೊಳ್ಳೋಣ. ಅವರು ಅದನ್ನು ಬರೆದು ಮೇಲಕ್ಕೆ ಕಳಿಸುತ್ತಾರೆಯೇ, ಅಥವಾ ‘ನಮ್ಮ ಸಂಘದ ಹೆಸರೇಕೆ ಕೆಡಬೇಕು’ ಎಂದು ಸುಮ್ಮನಾಗುತ್ತಾರೆಯೇ? ಸುಮ್ಮನಾದರೆ ಒಕ್ಕೂಟದ ಕಡತದಲ್ಲಿ ದೂರೇ ಇಲ್ಲ, ಎಲ್ಲವೂ ಸರಿಯಾಗಿದೆ. ಊರಿನ ಕಟ್ಟೆಯ ಮೇಲೆ ಮಾತ್ರ ಬೇರೆಯೇ ಮಾತು. ಈ ಕಟ್ಟೆಮಾತೂ ನಮ್ಮ ಅಧ್ಯಯನಕ್ಕೆ ಸೇರಿದ್ದು. ಅಧಿಕೃತ ದಾರಿ ಮುಚ್ಚಿದಷ್ಟೂ ಗಾಳಿಮಾತಿನ ದಾರಿ ಅಗಲವಾಗುತ್ತದೆ. ಇಂದು ಅದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿಯುತ್ತದೆ, ಅಷ್ಟೇ ವ್ಯತ್ಯಾಸ.

ನೀರಿನ ವಿಷಯವೂ ಹೀಗೆಯೇ. ಭದ್ರಾ ನಾಲೆಗೆ ನೀರು ಬಿಡುವ, ನಿಲ್ಲಿಸುವ ದಿನಗಳನ್ನು ನೀರಾವರಿ ಸಲಹಾ ಸಮಿತಿ ಸಭೆ ಸೇರಿ ಗೊತ್ತುಮಾಡುತ್ತದೆ. ಆ ತೀರ್ಮಾನವನ್ನು ನಾಲೆಯ ಕೊನೆ ಭಾಗದ ರೈತನಿಗೆ ಮುಟ್ಟಿಸುವುದು ಅರ್ಧ ಕೆಲಸ. ಅಲ್ಲಿ ನೀರು ನಿಜಕ್ಕೂ ಬಂತೋ ಇಲ್ಲವೋ ಎಂಬ ವರ್ತಮಾನ ಸಮಿತಿಗೆ ಮರಳಿ ಮುಟ್ಟುವುದು ಇನ್ನರ್ಧ. ಹಿಂದೆ ನಮ್ಮ ಕೆರೆಗಳ ಅಚ್ಚುಕಟ್ಟಿನಲ್ಲಿ ನೀರುಗಂಟಿ ಈ ಎರಡು ಕೆಲಸವನ್ನೂ ಮಾಡುತ್ತಿದ್ದ. ತೂಬು ತೆರೆಯುವವನೂ ಅವನೇ, ಯಾರ ಗದ್ದೆ ಒಣಗಿದೆ ಎಂದು ಊರ ಹಿರಿಯರಿಗೆ ಹೇಳುವವನೂ ಅವನೇ.

ಹೆನ್ರಿ ಫಯೋಲ್ ಎಂಬ ಫ್ರಾನ್ಸಿನ ಗಣಿ ಎಂಜಿನಿಯರು 1916ರಲ್ಲಿ ಆಡಳಿತದ ಬಗ್ಗೆ ಬರೆಯುತ್ತಾ ಒಂದು ಸೊಗಸಾದ ಹೋಲಿಕೆ ಕೊಟ್ಟ. ಎರಡು ವಿಭಾಗಗಳ ಕೆಳಹಂತದ ನೌಕರರು ಪರಸ್ಪರ ಒಂದು ಮಾತಾಡಬೇಕಾದರೆ ವಿಷಯ ಒಂದು ಏಣಿ ಹತ್ತಿ, ಇನ್ನೊಂದು ಏಣಿ ಇಳಿಯಬೇಕು. ಅದರ ಬದಲು, ಮೇಲಿನವರ ಒಪ್ಪಿಗೆಯಿಂದ, ಇಬ್ಬರ ನಡುವೆ ಒಂದು ಹಲಗೆ ಹಾಕಿ ಎಂದ. ನಮ್ಮ ಮಲೆನಾಡಿನವರು ಹಳ್ಳಕ್ಕೆ ಹಾಕುವ ಕಾಲುಸಂಕವೇ ಅದು. ನಮ್ಮ ಕಚೇರಿಗಳ ಕಡತಗಳು ಇನ್ನೂ ಏಣಿಯನ್ನೇ ಹತ್ತಿ ಇಳಿಯುತ್ತಿವೆ ಎಂಬುದು ಒಮ್ಮೆ ಅರ್ಜಿ ಕೊಟ್ಟವರಿಗೆಲ್ಲ ಗೊತ್ತು.

ಮೇಲಕ್ಕೆ ಹೋಗಬೇಕಾದ ಮಾತು ನಡುವೆಯೇ ನಿಂತರೆ ಎಂಥ ಅನಾಹುತವಾಗುತ್ತದೆ ಎಂಬುದಕ್ಕೆ ಪಾಠಗಳಲ್ಲಿ ಮತ್ತೆ ಮತ್ತೆ ಬರುವ ಉದಾಹರಣೆ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ. 1986ರ ಜನವರಿ 28ರಂದು ಅದು ಹಾರಿದ 73 ಸೆಕೆಂಡುಗಳಲ್ಲಿ ನಾಶವಾಗಿ ಏಳು ಮಂದಿ ಸತ್ತರು. ಹಿಂದಿನ ರಾತ್ರಿಯೇ ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು, ಇಷ್ಟು ಚಳಿಯಲ್ಲಿ ರಬ್ಬರಿನ ಉಂಗುರಗಳು ಕೆಲಸ ಮಾಡಲಾರವು, ಹಾರಿಸಬೇಡಿ ಎಂದಿದ್ದರು. ಅವರ ವ್ಯವಸ್ಥಾಪಕರು ಕೊನೆಗೆ ಆ ಸಲಹೆಯನ್ನು ಬದಿಗಿಟ್ಟು ಒಪ್ಪಿಗೆ ಕೊಟ್ಟರು. ಅಂತಿಮ ಅನುಮತಿ ನೀಡಿದ ಹಿರಿಯ ಅಧಿಕಾರಿಗಳಿಗೆ ಎಂಜಿನಿಯರುಗಳ ಆಕ್ಷೇಪಣೆ ತಲುಪಲೇ ಇಲ್ಲ. ಜ್ಞಾನಕ್ಕೇನೂ ಕೊರತೆಯಿರಲಿಲ್ಲ, ಗೊತ್ತಿದ್ದವರ ಮಾತಿಗೆ ದಾರಿಯಿರಲಿಲ್ಲ. ಹಳ್ಳಿಯಿಂದ ಹೋಗಿ ಮೊದಲ ಬಾರಿಗೆ ಕಚೇರಿಯೊಂದರ ಸಭೆಯಲ್ಲಿ ಕೊನೆಯ ಕುರ್ಚಿಯಲ್ಲಿ ಕೂರುವ ನಿಮಗೆ ಇದು ಮುಖ್ಯ. ನಿಮಗೆ ಗೊತ್ತಿರುವ ಸಂಗತಿಯನ್ನು ಸಂಕೋಚದಿಂದ ನುಂಗಿಕೊಂಡರೆ ನಷ್ಟ ನಿಮ್ಮೊಬ್ಬರದೇ ಅಲ್ಲ.

ಇದನ್ನು ಎಲ್ಲಿ ಓದಬಹುದು? ಅಮೆರಿಕದ ಪರ್ಡ್ಯೂ ಮೊದಲಾದ ವಿಶ್ವವಿದ್ಯಾನಿಲಯಗಳಲ್ಲಿ ಇದು ತನ್ನದೇ ಒಂದು ವಿಶೇಷ ಶಾಖೆ. ನಮ್ಮಲ್ಲಿ ಬಹುಮಟ್ಟಿಗೆ ಸಂವಹನ ಅಥವಾ ಎಂ.ಬಿ.ಎ. ತರಗತಿಗಳ ಒಳಗೆ ಬರುವ ವಿಷಯ. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮದ ಬೋಧನೆ ಆರಂಭಿಸಿದಾಗ ಚನ್ನಗಿರಿಯವರಿಗೆ ಮೈಸೂರು ದೂರದ ಊರು. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಬಂತು. ತಾಲ್ಲೂಕು 1997ರಲ್ಲಿ ಶಿವಮೊಗ್ಗದಿಂದ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. 2009ರಲ್ಲಿ ತೋಳಹುಣಸೆಯಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವೂ ಆಯಿತು. ಎರಡೂ ಕಡೆ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಭಾಗಗಳಿವೆ. ಸೇರುವ ಮುನ್ನ ಪಠ್ಯಕ್ರಮ ತರಿಸಿ ನೋಡಿ. ಸಾರ್ವಜನಿಕ ಸಂಪರ್ಕ, ಸಾಂಸ್ಥಿಕ ಸಂವಹನ, ಸಂಶೋಧನಾ ವಿಧಾನ, ಇವು ಎಷ್ಟಿವೆ, ಕ್ಷೇತ್ರಕಾರ್ಯ ಇದೆಯೇ ಎಂದು ಕೇಳಿ. ಕ್ಷೇತ್ರಕಾರ್ಯವಿಲ್ಲದೆ ಈ ವಿಷಯವನ್ನು ಓದುವುದು ದಡದಲ್ಲಿ ಕುಳಿತು ಈಜು ಕಲಿತಂತೆ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಈ ರಜೆಯಲ್ಲಿ ನಿಮ್ಮ ಊರಿನ ಹಾಲಿನ ಸಂಘದಲ್ಲೋ ಗ್ರಾಮ ಪಂಚಾಯಿತಿಯಲ್ಲೋ ಅನುಮತಿ ಪಡೆದು ಒಂದು ವಾರ ಕುಳಿತುಕೊಳ್ಳಿ. ಬಂದ ಒಂದೇ ಒಂದು ಸುತ್ತೋಲೆಯ ಹಿಂದೆ ಬೀಳಿ: ಯಾವ ದಿನ ಹೊರಟಿತು, ಎಂದು ಬಂತು, ಫಲಕಕ್ಕೆ ಅಂಟಿಸಿದರೇ, ಎಷ್ಟು ಜನ ಓದಿದರು, ಓದಿದವರಿಗೆ ಏನು ಅರ್ಥವಾಯಿತು. ಹಾಗೆಯೇ ಕೆಳಗಿನಿಂದ ಹೊರಟ ಒಂದು ದೂರನ್ನೂ ಹಿಂಬಾಲಿಸಿ, ಅದು ಯಾರ ಮೇಜಿನ ಮೇಲೆ ನಿಂತಿತು ಎಂದು ಗುರುತು ಹಾಕಿ. ನಿಮ್ಮ ಪುಸ್ತಕದಲ್ಲಿ ಜನರ ನಿಜವಾದ ಹೆಸರು ಬರೆಯಬೇಡಿ. ನಂಬಿ ಮಾತಾಡಿದವರಿಗೆ ತೊಂದರೆಯಾಗಬಾರದು. ವಾರ ಮುಗಿದ ಮೇಲೆ ಕಂಡದ್ದನ್ನು ಮೊದಲು ಅವರಿಗೇ ಓದಿ ಹೇಳಿ.