ಮೂರು ಗ್ರಾಂ ಲ್ಯೂರ್ ದೂರ ಹೋಗ್ಬೇಕಾದ್ರೆ: ಬಾಸ್ ಮೀನಿಗೆ ರಾಡ್, ರೀಲ್ ಆರಿಸೋ ಲೆಕ್ಕ

ಹೋದ ಎಪಿಸೋಡ್‌ನಲ್ಲಿ ಟೆಕ್ಸಾಸ್ ನದಿಗಳ ಗ್ವಾಡಲೂಪ್ ಬಾಸ್ ಬಗ್ಗೆ ಮಾತಾಡಿದ್ದೆ. ಆಮೇಲೆ ಬಂದ ಮೆಸೇಜ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. "ಸಣ್ಣ ಲ್ಯೂರ್‌ಗೆ ಮೀನು ಕಚ್ಚುತ್ತೆ ಅಂದ್ರಿ, ಒಪ್ಕೊಂಡ್ವಿ. ಆದ್ರೆ ಅದು ಎಸೆದ್ರೆ ನಮ್ಮ ಕಾಲ ಬುಡದಲ್ಲೇ ಬೀಳುತ್ತಲ್ಲ?" ಇವತ್ತು ಅದಕ್ಕೇ ಉತ್ತರ.

ಹೊಸದಾಗಿ ಕೇಳ್ತಿರೋರಿಗೆ ಎರಡು ಮಾತು. ನಾನಿರೋದು ಆಸ್ಟಿನ್ ಪಕ್ಕ, ಬಂದು ನಾಲ್ಕು ವರ್ಷ ಆಯ್ತು. ಬಾಸ್ ಅಂದ್ರೆ ಇಲ್ಲಿನ ಕೆರೆ, ನದಿಗಳ ಬೇಟೆಗಾರ ಮೀನು. ಲ್ಯೂರ್ ಅಂದ್ರೆ ಎರೆಹುಳು, ಹಿಟ್ಟಿನುಂಡೆ ಬದಲು ಗಾಳದ ತುದಿಗೆ ಕಟ್ಟೋ ನಕಲಿ ಆಹಾರ: ಮೆತ್ತನೆ ಪ್ಲಾಸ್ಟಿಕ್ ಹುಳ, ಮಿಂಚೋ ತಗಡು, ಪುಟ್ಟ ಮೀನಿನ ಆಕಾರ, ಹೀಗೆ. ಊರಲ್ಲಿ ಕುಚ್ಚು ಮೀನಿಗೆ ಹಾಕೋ ದಪ್ಪ ಕಪ್ಪೆ ಲ್ಯೂರ್‌ನ ಲೆಕ್ಕವೇ ಬೇರೆ, ಅದನ್ನ ಇವತ್ತಿನ ಮಾತಿನ ಜೊತೆ ಕಲಸಬೇಡಿ. ಇನ್ನು ನಾನು ಬಿ.ಕಾಂ. ಓದಿದವಳು. ಫಿಸಿಕ್ಸ್‌ನ ಹತ್ತನೇ ಕ್ಲಾಸಿಗೇ ಕೈಮುಗಿದು ಬಿಟ್ಟವಳು. ಹಾಗಾಗಿ ಫಾರ್ಮುಲಾ ಬರಲ್ಲ, ಭಯ ಬೇಡ.

ಯಾಕೆ ಸಣ್ಣ ಲ್ಯೂರ್? ಗ್ವಾಡಲೂಪ್ ಬಾಸ್ 1989ರಿಂದ ಟೆಕ್ಸಾಸ್‌ನ ಅಧಿಕೃತ ರಾಜ್ಯ ಮೀನು. ಲಾನೋ, ಪೆಡರ್ನಾಲಿಸ್ ಥರದ ಹರಿಯೋ, ತಿಳಿಯಾದ ನೀರಲ್ಲಿ ಇರುತ್ತೆ. ಗಾತ್ರ ಚಿಕ್ಕದು. ಎರಡು ಪೌಂಡ್ ಮೀನು ಸಿಕ್ಕಿದ್ರೆ ಫೋಟೋ ತೆಗೆದು ಊರಿಗೆ ಕಳಿಸಬಹುದು. ಅದು ತಿನ್ನೋದೂ ಪುಟ್ಟ ಹುಳ, ಮರಿ ಮೀನು, ಸಣ್ಣ ಸಿಹಿನೀರಿನ ಸೀಗಡಿ ಥರದ್ದು. ಊರೊಳಗಿನ ಪಾರ್ಕ್ ಕೊಳದ ಬಾಸ್ ಕಥೆ ಇನ್ನೊಂದು. ಅದಕ್ಕೆ ವಾರಕ್ಕೆ ನೂರು ಜನ ದೊಡ್ಡ ದೊಡ್ಡ ಲ್ಯೂರ್ ತೋರಿಸಿ ತೋರಿಸಿ ವೈರಾಗ್ಯ ಬಂದಿರುತ್ತೆ. ಕ್ಯಾನ್ಸಸ್‌ನ ಬರಹಗಾರ ನೆಡ್ ಕೇಡಿ ಅವರ ಹೆಸರಲ್ಲೇ ಇರೋ 'ನೆಡ್ ರಿಗ್' ನೋಡಿ: ಅಣಬೆ ಆಕಾರದ ಪುಟ್ಟ ಸೀಸದ ತಲೆ, ಅದಕ್ಕೆ ಕಿರುಬೆರಳಷ್ಟು ಪ್ಲಾಸ್ಟಿಕ್ ತುಂಡು. ನೋಡೋಕೆ ಏನೂ ಅನ್ಸಲ್ಲ. ಬೇರೇನೂ ಕಚ್ಚದ ದಿನ ಇದು ಕಚ್ಚುತ್ತೆ.

ಇಲ್ಲಿ ತೂಕ ಎಲ್ಲ ಔನ್ಸ್‌ನಲ್ಲಿ. ನಮ್ಮ ಲೆಕ್ಕಕ್ಕೆ ತಂದ್ರೆ 1/16 ಔನ್ಸ್ ಅಂದ್ರೆ ಹೆಚ್ಚುಕಮ್ಮಿ 1.8 ಗ್ರಾಂ, 1/8 ಅಂದ್ರೆ 3.5 ಗ್ರಾಂ, 1/4 ಅಂದ್ರೆ 7 ಗ್ರಾಂ, 1/2 ಅಂದ್ರೆ 14 ಗ್ರಾಂ. ಹಗುರ ಲ್ಯೂರ್ ಅಂತ ನಾನು ಅಂದಾಗೆಲ್ಲ ಏಳು ಗ್ರಾಂ ಒಳಗಿನದು ಅಂತ ತಿಳ್ಕೊಳ್ಳಿ.

ಈಗ ಒಂದು ಹೊಲಿಗೆ ದಾರದ ಉಂಡೆ ತಗೊಳ್ಳಿ. ನಿಜವಾಗ್ಲೂ ತಗೊಳ್ಳಿ, ಮನೇಲಿ ಇರುತ್ತೆ. ಟೇಬಲ್ ಮೇಲೆ ನಿಲ್ಲಿಸಿ, ದಾರದ ತುದಿನ ಮೇಲಕ್ಕೆ ಎಳೀರಿ. ಉಂಡೆ ಅಲ್ಲಾಡಲ್ಲ, ದಾರ ಸುರುಳಿ ಸುರುಳಿಯಾಗಿ ಬಿಚ್ಕೊಂಡು ಬರುತ್ತೆ. ಅದೇ ಸ್ಪಿನ್ನಿಂಗ್ ರೀಲ್. ರಾಡ್‌ನ ಕೆಳಗೆ ತೂಗಾಡೋದು, ಎಲ್ಲರೂ ನೋಡಿರೋದು. ಈಗ ಅದೇ ಉಂಡೆಗೆ ಪೆನ್ಸಿಲ್ ತೂರಿಸಿ ಅಡ್ಡ ಹಿಡ್ಕೊಂಡು ದಾರ ಎಳೀರಿ. ಈ ಸಲ ದಾರ ಬರ್ಬೇಕಾದ್ರೆ ಇಡೀ ಉಂಡೆನೇ ತಿರುಗಬೇಕು. ಜೋರಾಗಿ ಎಳೆದು ಥಟ್ಟಂತ ನಿಲ್ಲಿಸಿ. ನಿಮ್ಮ ಕೈ ನಿಂತ್ರೂ ಉಂಡೆ ತಿರುಗ್ತಾನೇ ಇರುತ್ತೆ, ದಾರ ಗೋಜಲಾಗುತ್ತೆ. ಅದು ಬೇಟ್‌ಕಾಸ್ಟರ್, ರಾಡ್‌ನ ಮೇಲೆ ಕೂರೋ ರೀಲ್. ಆ ಗೋಜಲಿಗೆ ಇಲ್ಲಿ ಹಕ್ಕಿಗೂಡು ಅಂತಾರೆ. ಒಮ್ಮೆ ಆಗಿ ನೋಡಿ, ಹೆಸರು ಎಷ್ಟು ಸರಿ ಅಂತ ಗೊತ್ತಾಗುತ್ತೆ.

ಅಂದ್ರೆ ಬೇಟ್‌ಕಾಸ್ಟರ್‌ನಲ್ಲಿ ಲ್ಯೂರ್‌ಗೆ ಒಂದು ಹೆಚ್ಚುವರಿ ಕೆಲಸ ಇದೆ: ತಾನು ಹಾರೋದರ ಜೊತೆ ಸ್ಪೂಲನ್ನೂ ತಿರುಗಿಸ್ಬೇಕು. ಹದಿನೈದು ಗ್ರಾಂ ಲ್ಯೂರ್‌ಗೆ ಅದು ದೊಡ್ಡ ಮಾತಲ್ಲ. ಮೂರೂವರೆ ಗ್ರಾಂ ಲ್ಯೂರ್ ಕೈಯಲ್ಲಿ ತನಗಿಂತ ಎಷ್ಟೋ ಭಾರದ ಸ್ಪೂಲ್ ತಿರುಗಿಸೋಕೆ ಹೇಳೋದು, ಎಳೆ ಕರುಗೆ ಗಾಣ ಕಟ್ಟಿದ ಹಾಗೆ. ಜೊತೆಗೆ ಹಗುರ ವಸ್ತು ಗಾಳೀಲಿ ಬೇಗ ನಿಧಾನ ಆಗುತ್ತೆ, ಸ್ಪೂಲ್ ಮಾತ್ರ ಅದೇ ವೇಗದಲ್ಲಿ ದಾರ ಬಿಡ್ತಾ ಇರುತ್ತೆ. ಬ್ರೇಕ್ ಹೆಚ್ಚು ಮಾಡಿದ್ರೆ ದೂರ ಹೋಗಲ್ಲ, ಕಮ್ಮಿ ಮಾಡಿದ್ರೆ ಹಕ್ಕಿಗೂಡು.

ಇದನ್ನ ಇಷ್ಟು ಬಿಡಿಸಿ ಹೇಳೋಕೆ ಕಾರಣ ಒಬ್ಬ ಕೇಳುಗರ ವಾಯ್ಸ್ ಮೆಸೇಜ್. ಅವರ ತಂದೆ ಊರಿಂದ ಬಂದಿದ್ದಾರೆ, ಆರು ತಿಂಗಳಿಗೆ. ಹಾಸನದ ಕಡೆಯವರು, ವಯಸ್ಸು ಅರವತ್ತೆಂಟು. ಚಿಕ್ಕಂದಿನಿಂದ ಬಿದಿರು ಗಳಕ್ಕೆ ದಾರ ಕಟ್ಟಿ ಕೆರೇಲಿ ಮೀನು ಹಿಡಿದವರು. ಇಲ್ಲಿ ಮಗ ಸೊಸೆ ಆಫೀಸ್‌ಗೆ ಹೋದ್ಮೇಲೆ ಕಾರಿಲ್ಲದೆ ಎಲ್ಲೂ ಹೋಗೋ ಹಾಗಿಲ್ಲ. ಮನೆ ಹಿಂದೆ ಕೊಳ ಇದೆ. ಸರಿ ಅಂತ ಮಗ ಒಂದು ಅಂಗಡಿಗೆ ಹೋಗಿ "ಬಾಸ್‌ಗೆ ಏನು ಬೇಕು" ಅಂತ ಕೇಳಿ, ಸುಮಾರು ನೂರೈವತ್ತು ಡಾಲರ್ ಕೊಟ್ಟು ಬೇಟ್‌ಕಾಸ್ಟರ್ ಸೆಟ್ ತಂದಿದ್ದಾರೆ. ಅದಕ್ಕೆ ನೆಡ್ ರಿಗ್ ಕಟ್ಟಿದ್ದಾರೆ. ಮೊದಲನೇ ಸಂಜೆ ಎಂಟು ಸಲ ಎಸೆದ್ರೆ ಎಂಟೂ ಗೋಜಲು. ಅಪ್ಪ ಕತ್ತಲಾಗೋವರೆಗೂ ಬೆಂಚ್ ಮೇಲೆ ಕೂತು ದಾರ ಬಿಡಿಸಿದ್ರಂತೆ. ಮಾರನೇ ದಿನದಿಂದ "ನೀವು ಹೋಗ್ಬನ್ನಿ, ನಂಗೆ ಮಂಡಿ ನೋವು" ಅಂತಿದ್ದಾರೆ. ವಾಪಸ್ ಟಿಕೆಟ್‌ಗೆ ಇನ್ನೆರಡು ತಿಂಗಳಿದೆ. "ಇದನ್ನೇ ಕಲಿಸೋದಾ, ಇನ್ನೊಂದು ಕೊಳ್ಳೋದಾ?" ಅಂತ ಕೇಳಿದ್ದಾರೆ.

ನಾನು ಫೋಟೋ ಕಳಿಸಿ ಅಂದೆ. ರಾಡ್‌ನ ಹಿಡಿಯ ಮೇಲ್ಗಡೆ ಬರೆದಿರುತ್ತೆ ನೋಡಿ, ಅದರ ಫೋಟೋ. ಇವರದ್ದು ಮೀಡಿಯಂ ಹೆವಿ, ಲ್ಯೂರ್ ತೂಕ 3/8ರಿಂದ 1 ಔನ್ಸ್. ಕಟ್ಟಿದ್ದು 1/8. ಇದರಲ್ಲಿ ಅಪ್ಪಂದು ಏನೂ ತಪ್ಪಿಲ್ಲ. ದಿನಾ ಇದೇ ಕಸುಬು ಮಾಡೋನು ಬಂದ್ರೂ ಆ ರಾಡಲ್ಲಿ ಆ ಲ್ಯೂರ್ ನೆಟ್ಟಗೆ ಹೋಗಲ್ಲ. ಇದನ್ನ ಮೊದಲು ಅಪ್ಪನಿಗೆ ಹೇಳಿ ಅಂದೆ, ಉಳಿದದ್ದೆಲ್ಲ ಆಮೇಲೆ.

ಕಾಮರ್ಸ್ ಕ್ಲಾಸಲ್ಲಿ ಸಂಕ್ ಕಾಸ್ಟ್ ಅಂತ ಒಂದು ಪಾಠ ಇರುತ್ತೆ. ಕೊಟ್ಟ ನೂರೈವತ್ತು ಡಾಲರ್ ಕೊಟ್ಟಾಯ್ತು. ಅದನ್ನ ವಸೂಲಿ ಮಾಡೋಕೆ ಅಪ್ಪನ ಉಳಿದ ಎರಡು ತಿಂಗಳನ್ನೂ ಸೇರಿಸಿ ಖರ್ಚು ಮಾಡ್ಬೇಕಾ ಅನ್ನೋದಷ್ಟೇ ಈಗಿರೋ ಪ್ರಶ್ನೆ. ಆ ಸೆಟ್ ಮಗ ಇಟ್ಕೊಂಡು ಅರ್ಧ ಔನ್ಸ್ ಲ್ಯೂರ್ ಕಟ್ಟಿ ಕಲೀಲಿ, ಅದಕ್ಕೆ ಅದು ಚೆನ್ನಾಗೇ ಇದೆ.

ಹಾಗಾದ್ರೆ ಏನು ಕೊಳ್ಳೋದು? ಎಲ್ರೂ ರೀಲ್‌ನಿಂದ ಶುರು ಮಾಡ್ತಾರೆ, ಹೊಳೆಯೋದು ಅದೇ ಅಲ್ವಾ. ಲೆಕ್ಕ ಉಲ್ಟಾ ಮಾಡ್ಬೇಕು: ಮೊದಲು ಲ್ಯೂರ್ ತೂಕ, ಅದನ್ನ ಎಸೆಯೋ ರಾಡ್, ಅದಕ್ಕೆ ಹೊಂದೋ ದಾರ, ಕೊನೆಗೆ ರೀಲ್.

ಲ್ಯೂರ್ ತೂಕ ಅಂದ್ನಲ್ಲ, ಅಲ್ಲೊಂದು ಗುಂಡಿ ಇದೆ. ಸೆಂಕೊ ಅಂತ ಪ್ಲಾಸ್ಟಿಕ್ ಹುಳ ಬರುತ್ತೆ, ಗ್ಯಾರಿ ಯಮಮೊಟೊ ಕಂಪನಿದು. ಅದನ್ನ ಸೀಸ ಹಾಕದೆ ಬರೀ ಕೊಕ್ಕೆಗೆ ಚುಚ್ಚಿ ಎಸೀತಾರೆ, 'ವೆಯ್ಟ್‌ಲೆಸ್' ಅಂತಾರೆ. ಹೆಸರು ಕೇಳಿ ಹಗುರ ಅಂದ್ಕೊಬೇಡಿ. ಐದಿಂಚಿನ ಸೆಂಕೊ ಒಂದೇ ಸುಮಾರು 3/8 ಔನ್ಸ್ ಇರುತ್ತೆ, ಹತ್ತು ಗ್ರಾಂ. ಮಾಮೂಲಿ ಬೇಟ್‌ಕಾಸ್ಟರಲ್ಲೂ ಹಾರುತ್ತೆ. ಅದೇ ನೆಡ್ ರಿಗ್‌ನಲ್ಲಿ ಸೀಸ ಇದ್ರೂ ಒಟ್ಟು ಅಷ್ಟು ಬರಲ್ಲ. ಪ್ಯಾಕೆಟ್ ಮೇಲಿನ ಅಂಕಿ ಸೀಸದ್ದು ಮಾತ್ರ, ಪ್ಲಾಸ್ಟಿಕ್‌ನ ತೂಕ ಬೇರೆ. ನಾನು ಅಡುಗೆಮನೆಯ ಡಿಜಿಟಲ್ ತಕ್ಕಡೀಲಿ ಎರಡನ್ನೂ ಒಟ್ಟಿಗೆ ಇಟ್ಟು ತೂಗ್ತೀನಿ. ನಮ್ಮನೆಯವರು ಆ ತಕ್ಕಡೀಲಿ ಕಾಫಿಪುಡಿ ತೂಗ್ತಾರೆ, ದಯವಿಟ್ಟು ಅವರಿಗೆ ಹೇಳ್ಬೇಡಿ.

ರಾಡ್. ದುಡ್ಡು ಹಾಕೋದಿದ್ರೆ ಇಲ್ಲಿ ಹಾಕಿ. ರಾಡ್ ಬಿಲ್ಲಿನ ಹಾಗೆ. ಹಿಂದಕ್ಕೆ ಬೀಸಿದಾಗ ಲ್ಯೂರ್ ತೂಕಕ್ಕೆ ತುದಿ ಬಾಗ್ಬೇಕು, ಮುಂದಕ್ಕೆ ಬಂದಾಗ ಆ ಬಾಗು ನೆಟ್ಟಗಾಗ್ತಾ ಲ್ಯೂರನ್ನ ತಳ್ಳಬೇಕು. ಮೂರು ಗ್ರಾಂಗೆ ದಪ್ಪ ರಾಡ್ ಬಾಗೋದೇ ಇಲ್ಲ. ಆಗ ನೀವು ತೋಳಿನ ಬಲ ಹಾಕ್ತೀರಿ, ಭುಜ ನೋವು ಬರುತ್ತೆ, ಲ್ಯೂರ್ ಅಲ್ಲೇ ಇರುತ್ತೆ. ಹುಡುಕಬೇಕಾದ ಅಕ್ಷರ ಮೀಡಿಯಂ ಲೈಟ್, ಫಾಸ್ಟ್ ಆ್ಯಕ್ಷನ್. ಉದ್ದ ಆರೂವರೆಯಿಂದ ಏಳಡಿ. ಲ್ಯೂರ್ ರೇಂಜ್ 1/16ರಿಂದ 3/8 ಅಂತಿದ್ರೆ ಕಣ್ಣುಮುಚ್ಚಿ ತಗೊಳ್ಳಿ, 1/8ರಿಂದ 1/2 ಅಂತಿದ್ರೂ ನಡೆಯುತ್ತೆ. ಆದ್ರೆ ಆ ರೇಂಜ್‌ನ ಕೆಳಗಿನ ಅಂಕಿ ಮದುವೆ ಬ್ರೋಕರ್ ಹೇಳೋ ಸಂಬಳದ ಹಾಗೆ, ಸ್ವಲ್ಪ ಉದಾರವಾಗಿರುತ್ತೆ. ರೇಂಜ್‌ನ ನಡುವಿನ ತೂಕಕ್ಕೇ ರಾಡ್ ಚೆನ್ನಾಗಿ ಕೆಲಸ ಮಾಡೋದು.

ಅಲ್ಟ್ರಾಲೈಟ್ ಯಾಕೆ ಬೇಡ ಅಂತ ಕೇಳ್ತಾರೆ. ಎಸೆಯೋಕೆ ಅದು ಇನ್ನೂ ಸುಖ, ನಿಜ. ಕಚ್ಚಿದ ಮೇಲೆ ಕಷ್ಟ. ಮೂರು ಪೌಂಡ್ ಬಾಸ್ ಜೊಂಡಿನೊಳಗೆ ನುಗ್ಗಿದ್ರೆ ತಿರುಗಿಸೋ ಶಕ್ತಿ ಆ ರಾಡ್‌ಗಿಲ್ಲ.

ದಾರ. ಇಲ್ಲಿ ಎಲ್ಲರೂ ಹೇಳೋದು ಹತ್ತು ಪೌಂಡ್‌ನ ಹೆಣೆದ ದಾರ, ಬ್ರೇಡ್, ತುದಿಗೆ ಆರೋ ಎಂಟೋ ಪೌಂಡ್‌ನ ಫ್ಲೋರೊಕಾರ್ಬನ್ ಐದಾರು ಅಡಿ. ಹತ್ತು ಪೌಂಡ್ ಬ್ರೇಡ್ ದಪ್ಪದಲ್ಲಿ ಎರಡು ಪೌಂಡ್‌ನ ಮಾಮೂಲಿ ನೈಲಾನ್ ದಾರದಷ್ಟೇ ಇರುತ್ತೆ, ಗಾಳೀಲಿ ಸುಲಭವಾಗಿ ಜಾರುತ್ತೆ. ನಾನೂ ಅದನ್ನೇ ಹಾಕೋದು. ಆದ್ರೆ ಆ ಅಪ್ಪನಿಗೆ ನಾನು ಹೇಳಿದ್ದು ಆರು ಪೌಂಡ್‌ನ ನೈಲಾನ್ ಮೊನೊ. ಎರಡು ದಾರ ಸೇರಿಸೋ ಗಂಟು ಬೇಕಿಲ್ಲ, ಬೆಲೆ ಕಡಿಮೆ, ಕಣ್ಣಿಗೆ ಕಾಣುತ್ತೆ, ಸ್ವಲ್ಪ ಹಿಗ್ಗುತ್ತೆ, ಹಾಗಾಗಿ ಜೋರಾಗಿ ಎಳೆದ್ರೂ ಕ್ಷಮಿಸುತ್ತೆ. ನಾಲ್ಕು ಮೀಟರ್ ಕಮ್ಮಿ ಹೋದ್ರೆ ಹೋಗ್ಲಿ.

ಬ್ರೇಡ್ ಹಾಕೋರು ಸ್ಪೂಲ್‌ಗೆ ಮೊದಲು ಹತ್ತು ಸುತ್ತು ನೈಲಾನ್ ದಾರ ಸುತ್ತಿ. ಇಲ್ಲಾಂದ್ರೆ ಬ್ರೇಡ್ ಇಡೀ ಗುಂಪಾಗಿ ಜಾರುತ್ತೆ, ಡ್ರ್ಯಾಗ್ ಕೆಟ್ಟಿದೆ ಅಂತ ನೀವು ರೀಲ್ ಬಯ್ತೀರಿ.

ರೀಲ್ ಬಗ್ಗೆ ಬೇಗ ಮುಗಿಸ್ತೀನಿ. 2500 ಸೈಜ್ ಸ್ಪಿನ್ನಿಂಗ್ ರೀಲ್. ಶಿಮಾನೊ, ಡೈವಾ, ಫ್ಲೂಗರ್ ಯಾವುದಾದ್ರೂ ಸರಿ, ಅರವತ್ತರಿಂದ ನೂರು ಡಾಲರ್ ಒಳಗಿನದು ಸಾಕು. ಬೇರಿಂಗ್ ಎಷ್ಟು ಅಂತ ಎಣಿಸ್ಬೇಡಿ. ಅದಕ್ಕಿಂತ ಮುಖ್ಯ, ದಾರವನ್ನ ಸ್ಪೂಲ್‌ನ ಅಂಚಿಗೆ ಎರಡು ಮೂರು ಮಿಲಿಮೀಟರ್ ಬಿಟ್ಟು ತುಂಬಿಸಿ. ಅರ್ಧ ತುಂಬಿದ್ರೆ ದಾರ ಅಂಚಿಗೆ ಉಜ್ಜಿ ಉಜ್ಜಿ ಹೊರಗೆ ಬರ್ಬೇಕು, ಹಗುರ ಲ್ಯೂರ್‌ಗೆ ಅಷ್ಟೇ ಸಾಕು ನಿಲ್ಲೋಕೆ. ಎಸೆದ ಮೇಲೆ ಆ ತಂತಿಯ ಬಾಗಿಲನ್ನ, ಬೇಲ್ ಅಂತಾರೆ, ಹ್ಯಾಂಡಲ್ ತಿರುಗಿಸಿ ಮುಚ್ಚಬೇಡಿ, ಕೈಯಿಂದಲೇ ಮುಚ್ಚಿ ದಾರ ಒಮ್ಮೆ ಬಿಗಿ ಮಾಡಿ. ಸ್ಪಿನ್ನಿಂಗ್ ರೀಲ್‌ನ ಅರ್ಧ ಗೋಜಲು ಇಷ್ಟಕ್ಕೇ ನಿಲ್ಲುತ್ತೆ.

ಈಗ ಕೆಲವರು ಕಾಯ್ತಿರ್ತಾರೆ, "ಬಿಎಫ್‌ಎಸ್ ಬಗ್ಗೆ ಹೇಳಲ್ವಾ?" ಅಂತ. ಬೇಟ್ ಫಿನೆಸ್ ಸಿಸ್ಟಮ್. ಹಗುರ ಲ್ಯೂರ್‌ಗೆ ಅಂತಾನೇ ಜಪಾನಿನವರು ಮಾಡಿದ ಬೇಟ್‌ಕಾಸ್ಟರ್. ಜಪಾನಿಗೆ ಬಾಸ್ ಹೋಗಿದ್ದು 1925ರಲ್ಲಿ, ಅಮೆರಿಕದಿಂದ ಆಶಿ ಸರೋವರಕ್ಕೆ. ಅಲ್ಲಿನ ಬೀವಾ ಸರೋವರದಲ್ಲಿ 2009ರಲ್ಲಿ ಮನಾಬು ಕುರಿಟಾ ಹಿಡಿದ ಇಪ್ಪತ್ತೆರಡು ಪೌಂಡ್ ಮೀರಿದ ಬಾಸ್, 1932ರ ಜಾರ್ಜಿಯಾದ ವಿಶ್ವದಾಖಲೆ ಜೊತೆ ಸಮ ಅಂತ ಒಪ್ಪಿಕೊಂಡರು. ತಮಾಷೆ ಅಂದ್ರೆ ಅದೇ ಸರೋವರದಲ್ಲಿ ಇದನ್ನ ಹೊರಗಿನಿಂದ ಬಂದ ಪೀಡೆ ಅಂತ ಪರಿಗಣಿಸ್ತಾರೆ, ಹಿಡಿದದ್ದನ್ನ ವಾಪಸ್ ಬಿಡೋ ಹಾಗಿಲ್ಲ. ಇರ್ಲಿ. ಅಲ್ಲಿ ನೀರು ಕಮ್ಮಿ, ಗಾಳ ಹಾಕೋರು ಜಾಸ್ತಿ, ಮೀನು ಬುದ್ಧಿವಂತ. ಹಾಗಾಗಿ ಲ್ಯೂರ್ ಸಣ್ಣದಾಗ್ತಾ ಹೋಯ್ತು, ಅದಕ್ಕೆ ತಕ್ಕ ರೀಲ್ ಬಂತು. ಗುಟ್ಟು ಸ್ಪೂಲಲ್ಲಿದೆ: ತೆಳು, ಆಳವಿಲ್ಲ, ಒಳ್ಳೆಯದು ಹತ್ತು ಗ್ರಾಂಗೂ ಕಡಿಮೆ. ಮೂರೂವರೆ ಗ್ರಾಂ ಲ್ಯೂರ್ ಅದನ್ನ ತಿರುಗಿಸಬಲ್ಲದು.

ನಂಗೆ ಬಿಎಫ್‌ಎಸ್ ಇಷ್ಟ. ಮರದ ಕೊಂಬೆ ಕೆಳಗೆ ತಗ್ಗಿಸಿ ಎಸೆದು ಹೆಬ್ಬೆರಳಿಂದ ಸ್ಪೂಲ್ ಒತ್ತಿದ್ರೆ ಲ್ಯೂರ್ ಹೇಳಿದ ಕಡೆ ಸದ್ದಿಲ್ಲದೆ ಬೀಳುತ್ತೆ. ಈಗ ನೂರು ಡಾಲರ್ ಒಳಗೂ ಸಿಗ್ತವೆ. ಆದ್ರೆ ಅದಕ್ಕೆ ಅದರದ್ದೇ ಮೆತ್ತನೆ ರಾಡ್ ಬೇಕು, ಹೆಬ್ಬೆರಳಿಗೆ ಅಭ್ಯಾಸ ಬೇಕು. ಎದುರುಗಾಳಿ ಬಂದ್ರೆ ಮತ್ತೆ ಹಕ್ಕಿಗೂಡೇ. ಮೊದಲ ಸೆಟ್ ಆಗಿ ನಾನು ಯಾರಿಗೂ ಹೇಳಲ್ಲ. ಎರಡು ಗ್ರಾಂ ಹತ್ತಿರದ ಲ್ಯೂರ್‌ಗಂತೂ ಈಗಲೂ ಸ್ಪಿನ್ನಿಂಗೇ ಕೈಗೆತ್ಕೊಳ್ತೀನಿ.

ಕೊನೆಗೆ ಲೈಸೆನ್ಸ್ ವಿಷಯ, ಅಪ್ಪ ಅಮ್ಮ ಬಂದಿರೋರೆಲ್ಲ ಕೇಳ್ತೀರಿ. ಟೆಕ್ಸಾಸ್‌ನಲ್ಲಿ ಹದಿನೇಳು ದಾಟಿದವರಿಗೆ ಬೇಕು, ಪ್ರವಾಸಿಗಳಿಗೂ ಬೇಕು. ಆದ್ರೆ ಸ್ಟೇಟ್ ಪಾರ್ಕ್ ಒಳಗೆ ದಡದಿಂದ ಗಾಳ ಹಾಕೋಕೆ ಲೈಸೆನ್ಸ್ ಬೇಡ, ಪಾರ್ಕ್‌ನ ಪ್ರವೇಶ ಶುಲ್ಕ ಕೊಟ್ರೆ ಆಯ್ತು. ಆಸ್ಟಿನ್‌ನವರಿಗೆ ಮೆಕಿನಿ ಫಾಲ್ಸ್ ಹತ್ತಿರ, ಆನಿಯನ್ ಕ್ರೀಕ್ ಹರಿಯುತ್ತೆ, ಬಂಡೆ ಮೇಲೆ ಕೂತ್ಕೊಬಹುದು. ಹೋಗೋ ಮುಂಚೆ ಹುಲ್ಲಿನ ಮೇಲೆ ಕೊಕ್ಕೆಯಿಲ್ಲದ ತೂಕ ಕಟ್ಟಿ ಇಪ್ಪತ್ತು ಸಲ ಎಸೆದು ನೋಡಿ. ತೋಳು ಬೀಸ್ಬೇಡಿ, ಮಣಿಕಟ್ಟು ಸಾಕು, ರಾಡ್ ತಾನೇ ಬಾಗ್ಲಿ. ಡ್ರ್ಯಾಗ್‌ನ ದಾರದ ಶಕ್ತಿಯ ಕಾಲುಭಾಗಕ್ಕೆ ಇಡಿ. ಆರು ಪೌಂಡ್ ದಾರ ಅಂದ್ರೆ ಒಂದೂವರೆ ಪೌಂಡ್ ಎಳೆತಕ್ಕೆ ಬಿಡ್ಬೇಕು.

ಬ್ರೇಡ್‌ಗೆ ಫ್ಲೋರೊಕಾರ್ಬನ್ ಸೇರಿಸೋ ಗಂಟನ್ನ ಮಾತಲ್ಲಿ ವಿವರಿಸೋಕೆ ಆಗುತ್ತಾ ಅಂತ ಮುಂದಿನ ವಾರ ನೋಡೋಣ. ಕೇಳೋವಾಗ ಕೈಯಲ್ಲಿ ಎರಡು ಬಣ್ಣದ ಉಲ್ಲನ್ ದಾರ ಇಟ್ಕೊಂಡಿರಿ.