ನೀರಿನ ಸಭೆಯಲ್ಲಿ ಹೆಣ್ಣುಮಕ್ಕಳೆಲ್ಲಿ?



ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಬಳಿ ಅಣೆಕಟ್ಟೆಯಲ್ಲಿ ನಿಂತು, ಅಲ್ಲಿಂದ ಎಡದಂಡೆ ನಾಲೆಯ ಮೂಲಕ ರಾಯಚೂರು ಜಿಲ್ಲೆಯನ್ನು ಪ್ರವೇಶಿಸುತ್ತವೆ. ಮಲೆನಾಡಿನಲ್ಲಿ ಆಷಾಢದ ಮಳೆ ಎಷ್ಟಾಯಿತು ಎಂಬುದು ಇಲ್ಲಿಯ ಅಡಿಕೆ ಬೆಳೆಗಾರನಿಗೆ ಕೊಳೆರೋಗದ ಪ್ರಶ್ನೆಯಾದರೆ, ಸಿಂಧನೂರಿನ ರೈತನಿಗೆ ಒಂದು ಬೆಳೆಯೋ ಎರಡು ಬೆಳೆಯೋ ಎಂಬ ಪ್ರಶ್ನೆ. ನದಿಯ ತಲೆಯ ಕಡೆ ವಾಸಿಸುವವರು ಅದರ ನೀರನ್ನು ನಂಬಿದ ಕೆಳಗಿನ ಜನರ ಬದುಕನ್ನೂ ಅರಿಯಬೇಕೆಂಬ ಕಾರಣದಿಂದ ಇಂದಿನ ಉಪನ್ಯಾಸಕ್ಕೆ ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ತಾಲ್ಲೂಕುಗಳನ್ನು ಆರಿಸಿಕೊಳ್ಳಲಾಗಿದೆ. ವಿಷಯ ಕೇವಲ ನೀರಲ್ಲ. ನೀರಿನ ಬಗೆಗೆ ಯಾರು ಮಾತನಾಡುತ್ತಾರೆ, ಯಾರು ಮಾತನಾಡುತ್ತಿರುವಂತೆ ಕಾಣುವುದೇ ಇಲ್ಲ ಎಂಬುದು.

ಮುಂಗಾರು ನಾಟಿಯ ದಿನಗಳಲ್ಲಿ ಸಿಂಧನೂರಿನ ಸುತ್ತಲಿನ ರಸ್ತೆಗಳಲ್ಲಿ ಬೆಳಗ್ಗೆ ಬೇಗನೇ ಟಂಟಂಗಳು ಓಡಲಾರಂಭಿಸುತ್ತವೆ. ಒಂದೊಂದರಲ್ಲಿಯೂ ಹತ್ತು ಹದಿನೈದು ಹೆಣ್ಣುಮಕ್ಕಳು, ಮಡಿಲಲ್ಲಿ ಬುತ್ತಿ. ಗದ್ದೆಗೆ ಇಳಿದರೆ ಸಂಜೆಯವರೆಗೆ ಸೊಂಟ ಬಗ್ಗಿಸಿ ಸಸಿ ಹಚ್ಚುವ ಕೆಲಸ. ಎಕರೆಗೆ ಇಷ್ಟು ಎಂದು ಗುತ್ತಿಗೆ ಮಾತನಾಡುವವಳು ಗುಂಪಿನ ಮುಂದಾಳು. ನೀರು ಮೊದಲು ತಲುಪುವ ಮೇಲ್ಭಾಗದಲ್ಲಿ ನಾಟಿ ಮೊದಲು, ಕೊನೆಭಾಗದಲ್ಲಿ ಕೊನೆಗೆ. ನೀರಿನ ಹಿಂದೆ ಈ ಗುಂಪುಗಳೂ ಊರಿಂದೂರಿಗೆ ಸರಿಯುತ್ತವೆ. ಯಾವ ವಿತರಣಾ ನಾಲೆಗೆ ಯಾವ ವಾರ ನೀರು ಬರುತ್ತದೆ, ಎಲ್ಲಿ ತೂಬು ಒಡೆದು ನೀರು ಎಳೆದುಕೊಳ್ಳುತ್ತಾರೆ, ಯಾವ ಊರಿನ ಸಸಿಮಡಿ ಒಣಗುತ್ತಿದೆ ಎಂಬುದನ್ನೆಲ್ಲ ಆ ಮುಂದಾಳು ಬಲ್ಲಳು. ಬಲ್ಲದಿದ್ದರೆ ಅವಳ ಗುಂಪಿಗೆ ಕೂಲಿಯಿಲ್ಲ.

ಅದೇ ಹೊತ್ತಿನಲ್ಲಿ ಊರ ಹೋಟೆಲಿನ ಬೆಂಚುಗಳ ಮೇಲೆ ಗಂಡಸರು ನಾಲೆಯ ಗೇಜಿನ ಚರ್ಚೆಯಲ್ಲಿ ತೊಡಗಿರುತ್ತಾರೆ. ಗೇಜ್ ಎಷ್ಟು ಅಡಿ ಇದೆ, ಮೇಲ್ಭಾಗದವರು ಎಷ್ಟು ಕದ್ದರು, ಶಾಸಕರು ಏನೆಂದರು, ಎಂಜಿನಿಯರು ಯಾರ ಕಡೆಯವರು. ಎರಡೂ ಗುಂಪುಗಳು ಲೆಕ್ಕ ಹಾಕುತ್ತಿರುವುದು ಒಂದೇ ನೀರನ್ನು. ಒಂದಕ್ಕೆ ರಾಜಕೀಯ ಚರ್ಚೆಯೆಂದು ಹೆಸರು. ಇನ್ನೊಂದಕ್ಕೆ ಕೂಲಿ ಹೆಂಗಸರ ಹರಟೆಯೆಂದು.

ಹೆಂಗಸರಿಗೆ ರಾಜಕೀಯದಲ್ಲಿ ಆಸಕ್ತಿಯಿಲ್ಲ ಎಂಬ ಮಾತು ಓದಿದವರ ಬಾಯಲ್ಲಿಯೂ ಸರಾಗವಾಗಿ ಬರುತ್ತದೆ. ಮತಗಟ್ಟೆಯ ಲೆಕ್ಕ ಇದನ್ನು ಒಪ್ಪುವುದಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ದೇಶದ ಪುರುಷ ಮತದಾರರಲ್ಲಿ ಶೇ. 65.55 ಮಂದಿ ಮತ ಚಲಾಯಿಸಿದರೆ, ಮಹಿಳಾ ಮತದಾರರಲ್ಲಿ ಶೇ. 65.78 ಮಂದಿ ಚಲಾಯಿಸಿದರು. ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವವರೆಗೆ ಕೊರತೆಯೇನೂ ಇಲ್ಲ. ಕೊರತೆ ಕಾಣುವುದು ಶಾಯಿ ಆರಿದ ಮೇಲೆ. 2023ರಲ್ಲಿ ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಿಗೆ ನಡೆದ ಚುನಾವಣೆಯಲ್ಲಿ ಗೆದ್ದ ಮಹಿಳೆಯರು 10 ಮಂದಿ.

ಈ ಸಂಖ್ಯೆಗೂ ನಾಲೆಯ ನೀರಿಗೂ ನೇರ ಸಂಬಂಧವಿದೆ. ತುಂಗಭದ್ರಾ ಯೋಜನೆಯಲ್ಲಿ ಯಾವ ದಿನ ನೀರು ಬಿಡಬೇಕು, ಎಷ್ಟು ದಿನ ಹರಿಸಬೇಕು, ಎರಡನೆಯ ಬೆಳೆಗೆ ಕೊಡಬೇಕೋ ಬೇಡವೋ ಎಂಬುದನ್ನು ನೀರಾವರಿ ಸಲಹಾ ಸಮಿತಿ ನಿರ್ಧರಿಸುತ್ತದೆ. ಮಂತ್ರಿಗಳ ಅಧ್ಯಕ್ಷತೆಯಲ್ಲಿ ಮುನಿರಾಬಾದಿನಲ್ಲಿಯೋ ಬೆಂಗಳೂರಿನಲ್ಲಿಯೋ ಸೇರುವ ಈ ಸಭೆಯಲ್ಲಿ ಶಾಸಕರು, ಸಂಸದರು, ಅಧಿಕಾರಿಗಳು ಕೂಡುತ್ತಾರೆ. ಶಾಸಕರಲ್ಲಿ ಮಹಿಳೆಯರು ವಿರಳವಾದರೆ ನೀರಿನ ಸಭೆಯಲ್ಲಿಯೂ ವಿರಳವೇ. ಕೆಳಹಂತಕ್ಕೆ ಇಳಿದರೆ ನೀರು ಬಳಕೆದಾರರ ಸಹಕಾರ ಸಂಘಗಳಿವೆ. ಅಲ್ಲಿ ಸದಸ್ಯತ್ವ ಅಚ್ಚುಕಟ್ಟಿನ ಜಮೀನಿಗೆ ಅಂಟಿಕೊಂಡಿದೆ. ಜಮೀನು ಯಾರದೆಂದು ಹೇಳುವುದು ಪಹಣಿ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಮಹಿಳೆಯರು ನಡೆಸುವವು ಶೇ. 14ರಷ್ಟು ಮಾತ್ರ. ಸಸಿ ಹಚ್ಚುವವರು, ಕಳೆ ಕೀಳುವವರು, ಹತ್ತಿ ಬಿಡಿಸುವವರು ಹೆಣ್ಣುಮಕ್ಕಳು. ಆದರೆ ಪಹಣಿಯ ಭಾಷೆಯಲ್ಲಿ ಅವರು ರೈತರಲ್ಲ. ರೈತರಲ್ಲದವರಿಗೆ ನೀರಿನ ಸಭೆಯ ನೋಟೀಸು ಬರುವುದಿಲ್ಲ.

ಕಾನೂನು ಹಿಂದೆ ಬಿದ್ದಿದೆ ಎನ್ನುವಂತಿಲ್ಲ. ಕರ್ನಾಟಕವು 1994ರಲ್ಲಿಯೇ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ನೀಡಿತು. ಕೇಂದ್ರ ಅದೇ ಹಾದಿಗೆ ಬಂದದ್ದು 2005ರಲ್ಲಿ. ಆದರೆ ತವರಿನ ಬಾಗಿಲು ಮುಚ್ಚಬಾರದೆಂಬ ಅಂಜಿಕೆಯಿಂದ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಕುಪ್ಪಸದ ಖಣ ಪಡೆದು ಹೋಗುತ್ತಾರೆ. ಇದರಲ್ಲಿ ಮಲೆನಾಡು, ಬಯಲುಸೀಮೆ ಎಂಬ ಭೇದವಿಲ್ಲ.

ಕೃಷಿ ವಿಜ್ಞಾನದ ಒಂದು ಉದಾಹರಣೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಉಚಿತ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕೆಸರುಗದ್ದೆಯ ನಾಟಿಗೆ ಬದಲು ಭತ್ತವನ್ನು ಕೂರಿಗೆಯಿಂದ ನೇರವಾಗಿ ಬಿತ್ತುವ ಪದ್ಧತಿ ಪ್ರಚಾರಕ್ಕೆ ಬಂದಿದೆ. ಅದರ ಪ್ರಯೋಜನಗಳು ನಿಜವಾದವು. ಸಸಿಮಡಿ ಬೇಡ, ಗದ್ದೆಯನ್ನು ಕೆಸರು ಮಾಡುವ ನೀರು ಬೇಡ. ಮೇಲ್ಭಾಗದಲ್ಲಿ ಉಳಿದ ನೀರು ಕೊನೆಭಾಗಕ್ಕೆ ತಲುಪುವ ಸಾಧ್ಯತೆಯೂ ಹೆಚ್ಚುತ್ತದೆ. ನೀರು ನಿಂತು ಜವುಳಾಗುವ, ಸವುಳೇರುವ ಭೂಮಿಗೆ ಇದು ಹಿತ. ನದಿಯ ಬಗೆಗೆ ಕಾಳಜಿಯುಳ್ಳ ಯಾರೂ ಇದನ್ನು ವಿರೋಧಿಸಲಾರರು. ಆದರೆ ಪ್ರಯೋಜನಗಳ ಪಟ್ಟಿಯಲ್ಲಿ 'ಕೂಲಿ ಉಳಿತಾಯ' ಎಂಬ ಮತ್ತೊಂದು ಬಾಬು ಇರುತ್ತದೆ. ಜಮೀನಿನ ಒಡೆಯನ ಖಾತೆಯಲ್ಲಿ ಉಳಿತಾಯವಾಗುವ ಆ ಹಣವೇ ಟಂಟಂನಲ್ಲಿ ಬರುವ ಹೆಣ್ಣುಮಗಳ ಖಾತೆಯಲ್ಲಿ ನಷ್ಟ. ನಾಟಿ ಹೋದರೆ ಅವಳ ವರ್ಷದ ದೊಡ್ಡ ದುಡಿಮೆಯ ಕಾಲವೇ ಹೋಯಿತು. ನೇರ ಬಿತ್ತನೆಯಲ್ಲಿ ಕಳೆ ಹೆಚ್ಚು; ಕಳೆ ಕೀಳುವ ಕೆಲಸವಾದರೂ ಅವಳಿಗೆ ಸಿಗುವುದೋ ಎಂದರೆ ಅದನ್ನು ಕಳೆನಾಶಕ ನುಂಗುತ್ತದೆ. ಆ ಡಬ್ಬಿ ಹೊರುವವನು ಹೆಚ್ಚಾಗಿ ಗಂಡಸು. ಇಷ್ಟು ದೊಡ್ಡ ಬದಲಾವಣೆಯ ಬಗೆಗೆ ಕ್ಷೇತ್ರೋತ್ಸವಗಳಲ್ಲಿ ಪ್ರಗತಿಪರ ರೈತರ ಅಭಿಪ್ರಾಯ ಕೇಳುವುದು ರೂಢಿ. ನಾಟಿ ಗುಂಪಿನ ಮುಂದಾಳನ್ನು ವೇದಿಕೆಗೆ ಕರೆದು, ನೀರೂ ಉಳಿಯಬೇಕು ನಿನ್ನ ಕೂಲಿಯೂ ಉಳಿಯಬೇಕು, ದಾರಿಯೇನಮ್ಮ ಎಂದು ಕೇಳುವ ಪರಿಪಾಠ ಬೆಳೆದಿಲ್ಲ. ಇದು ವಿಜ್ಞಾನದ ದೋಷವಲ್ಲ, ಸಭೆಯ ದೋಷ.

2023ರ ಬರಗಾಲದಲ್ಲಿ ಜಲಾಶಯ ತುಂಬದೆ ಎರಡನೆಯ ಬೆಳೆಗೆ ನೀರು ಸಿಗಲಿಲ್ಲ. ಆಗ ಪತ್ರಿಕೆಗಳು ಬರೆದದ್ದು ಒಣಗಿದ ಎಕರೆಗಳ ಲೆಕ್ಕ. ಹಚ್ಚದೇ ಉಳಿದ ಸಸಿಯ ಕೂಲಿಗೆ ಪರಿಹಾರದ ಕಾಲಮ್ಮೇ ಇರುವುದಿಲ್ಲ.

ಇನ್ನು ಸಮಯದ ಪ್ರಶ್ನೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸಿದರೆ, ಅದೇ ಕೆಲಸಕ್ಕೆ ಕೈಹಾಕುವ ಗಂಡಸರು ವ್ಯಯಿಸುವುದು 97 ನಿಮಿಷ. ಹೋಟೆಲಿನ ಚರ್ಚೆ, ಕಟ್ಟೆಯ ಚರ್ಚೆಗಳು ಬೆಳೆಯುವುದು ಈ ಉಳಿದ ಇನ್ನೂರು ನಿಮಿಷಗಳ ಹೊಲದಲ್ಲಿಯೇ.

ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಕ್ಷೇತ್ರದ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ಇಲ್ಲಿ ಸಹಜವಾಗಿ ನೆನಪಾಗುತ್ತದೆ. ಕಲ್ಯಾಣದಲ್ಲಿ ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತ ಗಂಡನಿಗೆ ಕಾಯಕ ನಿಂತುಹೋಯಿತೆಂದು ಎಚ್ಚರಿಸಿದವಳು ಲಕ್ಕಮ್ಮ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಹಿಂದಿರುಗಿಸಿ ಬಾ ಎಂದವಳೂ ಅವಳೇ. ಈ ಕಥೆಯನ್ನು ಪತಿವ್ರತೆಯ ಕಥೆಯೆಂಬಂತೆ ಹೇಳುವವರುಂಟು. ವಾಸ್ತವದಲ್ಲಿ ಅದು ಸಂಪತ್ತನ್ನು ಎಷ್ಟು ಕೂಡಿಡಬೇಕು ಎಂಬ ಅರ್ಥಶಾಸ್ತ್ರದ ವಾದ, ಗೆದ್ದವಳು ಹೆಂಡತಿ. ಆ ವಾದವನ್ನು ಮನೆಮಾತೆಂದು ಬದಿಗಿಡದೆ ವಚನವೆಂದು ದಾಖಲಿಸಿದ್ದು ಅಂದಿನ ಸಮಾಜದ ದೊಡ್ಡತನ.

ದಾಖಲಾಗದ ವಾದಕ್ಕೂ ಇದೇ ಜಿಲ್ಲೆಯಲ್ಲಿ ಉದಾಹರಣೆಯಿದೆ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಬಳಿಕ ಹಳ್ಳಿಯ ಕಿರಾಣಿ ಅಂಗಡಿಗಳಿಗೂ ಪ್ಯಾಕೆಟ್ ಮದ್ಯ ಕದ್ದು ನುಸುಳಿತು. ಅದರ ವಿರುದ್ಧ ಎದ್ದ ಮದ್ಯ ನಿಷೇಧ ಆಂದೋಲನಕ್ಕೆ ಬೇರು ಒದಗಿಸಿದ್ದು ರಾಯಚೂರು ಜಿಲ್ಲೆಯ ಕೂಲಿ ಹೆಣ್ಣುಮಕ್ಕಳು. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ನಡೆದರು. ದಾರಿಯಲ್ಲಿ ಒಬ್ಬ ತಾಯಿ ವಾಹನ ಬಡಿದು ತೀರಿಕೊಂಡರು, ನಡಿಗೆ ನಿಲ್ಲಲಿಲ್ಲ. ಅವರು ಕೇಳಿದ್ದು ರಾಜ್ಯದ ಖಜಾನೆಯ ಪ್ರಶ್ನೆ: ಕೂಲಿಯ ಹಣ ಮನೆಗೆ ಬರುವ ಮುನ್ನವೇ ಅಬಕಾರಿಯ ಹಾದಿ ಹಿಡಿದರೆ ಸರ್ಕಾರ ಬದುಕುವುದು ಯಾರ ದುಡಿಮೆಯ ಮೇಲೆ? 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. ಇದಕ್ಕಿಂತ ದೊಡ್ಡ ರಾಜಕೀಯ ಪ್ರಶ್ನೆ ಯಾವುದಿದ್ದೀತು? ಆದರೂ ಅದು 'ಮಹಿಳೆಯರ ಅಳಲು' ಎಂಬ ಶೀರ್ಷಿಕೆಯ ಕೆಳಗೆ ಸೇರಿತು. ಅಳಲಿಗೆ ಸಾಂತ್ವನ ಹೇಳಿದರೆ ಸಾಕು, ಉತ್ತರ ಕೊಡಬೇಕಿಲ್ಲವಲ್ಲ.

ಮಸ್ಕಿಯ ಒಣಭಾಗದ ಹಳ್ಳಿಗಳಲ್ಲಿ 2020-21ರಲ್ಲಿ ನಾರಾಯಣಪುರ ಬಲದಂಡೆಯ 5ಎ ನಾಲೆಗಾಗಿ ರೈತರು ಪಾಮನಕಲ್ಲೂರಿನಲ್ಲಿ ದೀರ್ಘ ಧರಣಿ ನಡೆಸಿದರು. 2021ರ ಏಪ್ರಿಲ್ ಉಪಚುನಾವಣೆಯಲ್ಲಿ ಆ ನಾಲೆಯೇ ಮುಖ್ಯ ಮಾತಾಯಿತು. ನ್ಯಾಯವಾದ ಬೇಡಿಕೆ. ಆದರೆ ನೀರಾವರಿ ಯೋಜನೆಯನ್ನು ಅಳೆಯುವುದು ಎಕರೆಯಲ್ಲಿ. ಗುಳೆ ಹೋದ ತಾಯಿಯೊಡನೆ ಬೆಂಗಳೂರಿನ ಕಟ್ಟಡದ ನೆರಳಿನಲ್ಲಿ ತಮ್ಮನನ್ನು ನೋಡಿಕೊಳ್ಳುತ್ತ ಶಾಲೆ ಮರೆಯುವ ಹುಡುಗಿ ಎಷ್ಟು ಎಕರೆ? 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಅರ್ಧಕ್ಕಿಂತ ಕಡಿಮೆ ಇದ್ದರೆಂಬುದನ್ನು ಈ ನಾಲೆಯ ಪಕ್ಕದಲ್ಲಿಯೇ ಇಟ್ಟು ಓದಬೇಕು.

ಪಂಚಾಯತಿಯ ಮಾತನ್ನು ಎತ್ತದೆ ಈ ವಿಷಯ ಪೂರ್ಣವಾಗದು. 1983ರ ಕಾಯಿದೆಯಂತೆ ರಾಜ್ಯದಲ್ಲಿ 1987ರಲ್ಲಿ ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದಾಗ ಮಹಿಳೆಯರಿಗೆ ಕಾಲುಭಾಗ ಮೀಸಲಿತ್ತು. 1993ರ ಕಾಯಿದೆಯಲ್ಲಿ ಮೂರನೆಯ ಒಂದು ಭಾಗ, 2010ರ ತಿದ್ದುಪಡಿಯಿಂದ ಅರ್ಧ. ಅಧ್ಯಕ್ಷೆಯ ಕುರ್ಚಿಯ ಪಕ್ಕ ಅವರ ಪತಿ ಕುಳಿತು ಕಡತ ಓದುವ ದೃಶ್ಯ ಎಲ್ಲರಿಗೂ ಪರಿಚಿತ. ಅದನ್ನು ಗೇಲಿ ಮಾಡುವುದೂ ಸುಲಭ. ಗೇಲಿ ಮಾಡುವವರು ಗಮನಿಸದ ಸಂಗತಿಯೊಂದಿದೆ. ಜಮೀನ್ದಾರ ಮನೆತನದಿಂದ ಬಂದ ಸದಸ್ಯೆ ಸೆರಗು ಹೊದ್ದು ಮೌನವಾಗಿರುವ ಸಭೆಯಲ್ಲಿ, ಕೂಲಿಯ ಲೆಕ್ಕ ಕೇಳಿ ಪಳಗಿದ ದಲಿತ, ನಾಯಕ ಸಮುದಾಯದ ಹೆಣ್ಣುಮಗಳು ಎದ್ದು ನಿಂತು ಪ್ರಶ್ನಿಸುವುದುಂಟು. 2006ರಲ್ಲಿ ಉದ್ಯೋಗ ಖಾತ್ರಿ ಮೊದಲ ಹಂತದಲ್ಲಿ ಜಾರಿಯಾದ ರಾಜ್ಯದ ಐದು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಹೆಸರು ತಮ್ಮದೇ ಇರುವ ಜಾಬ್ ಕಾರ್ಡು, ತಮ್ಮದೇ ಬ್ಯಾಂಕ್ ಖಾತೆ ಕೈಗೆ ಬಂದ ಮೇಲೆ ಕಚೇರಿಯ ಮೆಟ್ಟಿಲು ಹತ್ತುವುದು ಅವರಿಗೆ ರೂಢಿಯಾಯಿತು. ಪಹಣಿ ಕೊಡದ ಧೈರ್ಯವನ್ನು ಆ ಪುಟ್ಟ ಕಾರ್ಡು ಕೊಟ್ಟಿತು.

ಮಲೆನಾಡಿನವರು ಇದನ್ನು ಕೇಳಿ ಬಯಲುಸೀಮೆಯ ಹಿಂದುಳಿದಿರುವಿಕೆಯೆಂದು ಭಾವಿಸಬಾರದು. 1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ಅಪ್ಪಿಕೋ ಚಳವಳಿ ಆರಂಭವಾದಾಗ ಮರ ಅಪ್ಪಿದವರಲ್ಲಿ ಹೆಂಗಸರಿದ್ದರು. 2011ರ ಗಾಡ್ಗೀಳ್ ಸಮಿತಿಯ ವರದಿಯು ಪಶ್ಚಿಮಘಟ್ಟದ ವಿಚಾರವನ್ನು ಗ್ರಾಮಸಭೆಗಳ ಮುಂದಿಟ್ಟು ನಿರ್ಧರಿಸಬೇಕೆಂದಿತು. ಆದರೆ ಗ್ರಾಮಸಭೆ ಸೇರುವುದು ಬೆಳಗ್ಗೆ ಹನ್ನೊಂದಕ್ಕೆ: ಕೊಟ್ಟಿಗೆ, ದರಗು, ಅಡುಗೆಗಳ ನಡುವಿನ ಹೊತ್ತು. ಅಡಿಕೆ ಸುಗ್ಗಿಯಲ್ಲಿ ರಾತ್ರಿ ಸುಲಿಯುವ ಚಪ್ಪರದಡಿ ಕುಳಿತ ಹೆಂಗಸರು ಕಾಡುಕೋಣದಿಂದ ಹಿಡಿದು ಅರಣ್ಯ ಒತ್ತುವರಿಯವರೆಗೆ ಚರ್ಚಿಸುತ್ತಾರೆ. ಆ ಚಪ್ಪರಕ್ಕೆ ಯಾವ ಕಾರ್ಯದರ್ಶಿಯೂ ಪುಸ್ತಕ ಹಿಡಿದು ಬರುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಊರಿಗೆ ಮರಳಿದ ಮೇಲೆ ಗ್ರಾಮ ಅರಣ್ಯ ಸಮಿತಿಯ, ಹಾಲಿನ ಸೊಸೈಟಿಯ, ಗ್ರಾಮಸಭೆಯ ಠರಾವು ಪುಸ್ತಕಗಳನ್ನು ಕೇಳಿ ಪಡೆದು ಮೂರು ವರ್ಷದ ಪುಟಗಳನ್ನು ಓದಬೇಕು. ಹಾಜರಿಯ ಸಹಿಗಳಲ್ಲಿ ಹೆಂಗಸರದೆಷ್ಟು ಎಂದು ಮೊದಲು ಎಣಿಸಬೇಕು. ಆಮೇಲೆ, 'ಸೂಚಿಸಿದವರು', 'ಅನುಮೋದಿಸಿದವರು' ಎಂಬ ಪದಗಳ ಮುಂದೆ ಅವರ ಹೆಸರು ಎಷ್ಟು ಬಾರಿ ಇದೆ ಎಂದು ಎಣಿಸಬೇಕು. ಎರಡೂ ಸಂಖ್ಯೆಗಳನ್ನು ಮುಂದಿನ ಸಭೆಗೆ ಬರೆದು ತರಬೇಕೆಂದು ವಿನಂತಿ.